ವಿಮಾನದ ಎಣ್ಣೆ

ಕೊರಟಗೆರೆ ಇನ್ನೂ ಮೂರು ಮೈಲಿ ಇರುವಾಗ ಮರುಳಸಿದ್ದಯ್ಯನ ಬಾಡಿಗೆ ಕಾರು ಎರಡು ಸಲ ಸೀನಿ ನಿಂತುಬಿಟ್ಟಿತು. ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟ. ಒಣ ಕಡ್ಡಿ ಒಣಕಡ್ಡಿಯಾಗಿಯೇ ಮೇಲೆ ಬಂತು. ಇನ್ನೊಂದು ಸಲ ಬಿಟ್ಟ. ಇಲ್ಲದ ಪೆಟ್ರೋಲು ಎರಡನೇ ಸಲಕ್ಕೆ ಎಲ್ಲಿಂದ ಬರಬೇಕು, ಪಾಪ!

ಹಿಂದಿನ ಸೀಟಿನಲ್ಲಿ ಮಗಳು ಜಗದಾಂಬ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದಳು. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿತ್ತು. ಮಧುಗಿರಿಯ ಡಾಕ್ಟರು ಕಾರಿನೊಳಗೇ ಬಗ್ಗಿ ನೋಡಿ, "ಇಲ್ಲಿ ಆಗಲ್ಲ, ತುಮಕೂರಿಗೆ ಹೊರಡಿ. ಮಧ್ಯಾಹ್ನದೊಳಗೆ ಆಪರೇಷನ್ ಆಗಬೇಕು" ಎಂದಿದ್ದರು. ತುಮಕೂರು ಇನ್ನೂ ಹತ್ತೊಂಬತ್ತು ಮೈಲಿ.

ಯುದ್ಧ ಶುರುವಾದಾಗಿನಿಂದ ಪೆಟ್ರೋಲಿಗೆ ಕೂಪನ್ನು. ಮಗಳು ಹೆರಿಗೆಗೆಂದು ಕೊಡಿಗೇನಹಳ್ಳಿಗೆ ಬಂದ ದಿನವೇ ಅವನು ಎರಡು ಗ್ಯಾಲನ್ ಎತ್ತಿಟ್ಟಿದ್ದ. ಗ್ಯಾಲನ್ನಿಗೆ ಇಪ್ಪತ್ತು ಮೈಲಿ, ತುಮಕೂರಿಗೆ ನಲವತ್ತು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಹೋದ ವಾರ ಶಿರಾದಲ್ಲಿ ಮಿಲಿಟರಿ ಲಾರಿಯವನೊಬ್ಬ ಹಸಿರು ಬಣ್ಣದ ಪೆಟ್ರೋಲು ತೋರಿಸಿ, "ಅರೆ ಭಾಯ್, ಹವಾಯಿ ಜಹಾಜಿಂದು ಇದು, ವಿಮಾನದ್ದು! ನಿಮ್ದು ಎರಡು ಗ್ಯಾಲನ್ ಕೊಡಿ, ಇದು ಒಂದು ತಗೊಳ್ಳಿ" ಅಂದ. ಗಟ್ಟಿ ಹಾಲಿಗೆ ಎಷ್ಟು ನೀರು ಬೆರೆಸಿದರೂ ಕಾಫಿಗೆ ಬರುತ್ತದಲ್ಲ, ಹಾಗೆಂದುಕೊಂಡು ಅದಲುಬದಲು ಮಾಡಿಕೊಂಡ ನಮ್ಮ ಮರುಳಸಿದ್ದಯ್ಯ. ಆಕಾಶಕ್ಕೆ ಎತ್ತುವ ಎಣ್ಣೆ ನೆಲದ ಮೇಲೆ ಎಂಬತ್ತು ಮೈಲಿ ಓಡಿಸದೇ? ಮಗಳನ್ನೂ ಮೊಮ್ಮಗುವನ್ನೂ ಅದೇ ಕಾರಿನಲ್ಲಿ ಮನೆಗೆ ತರಬಹುದೆಂಬ ಆಸೆ ಬೇರೆ.

ಬಸ್ಸಿನ ಡ್ರೈವರ್ ವೃಷಭೇಂದ್ರಪ್ಪ ಬಡಕೊಂಡಿದ್ದ: "ಇಂಜಿನ್ನು ಟಕಟಕ ಅನ್ನೋದು ನಿಲ್ತೈತೆ ಅಷ್ಟೇ ಕಣಣ್ಣ. ಈ ಹಳೇ ಇಂಜಿನ್ಗೆ ಮೈಲಿ ಎಲ್ಲಿ ಜಾಸ್ತಿ ಆದಾತು?"

"ನಿಂಗೆ ಹೊಟ್ಟೆಕಿಚ್ಚು ಬುಡ್ಲಾ" ಎಂದು ಇವನು ನಕ್ಕಿದ್ದ.

ಬೆಳಿಗ್ಗೆ ಏರಿನಲ್ಲೂ ಇಂಜಿನ್ನು ಬಡಿದುಕೊಳ್ಳಲಿಲ್ಲ. "ನೋಡ್ದಾ, ಹೂವೆತ್ತಿದಂಗೆ ಹೋಯ್ತೈತೆ" ಎಂದು ಹೆಂಡತಿಗೆ ಹೇಳಿಯೂ ಇದ್ದ. ಸದ್ದು ನಿಂತಿತ್ತು, ನಿಜ. ಕುಡಿಯುವುದು ಮಾತ್ರ ಒಂದು ತೊಟ್ಟೂ ಕಮ್ಮಿಯಾಗಿರಲಿಲ್ಲ.

"ಯಾಕ್ ನಿಲ್ಸುದ್ರಿ?" ಹಿಂದಿನ ಸೀಟಿನಿಂದ ಹೆಂಡತಿ ಸಿದ್ದಗಂಗಮ್ಮ ಕೇಳಿದಳು.

"ನಾನೇ ಕಣೆ ಹಾಳು ಮಾಡ್ದೋನು. ಎರಡು ಗ್ಯಾಲನ್ ಇತ್ತು, ಒಂದು ಮಾಡ್ಕೊಂಡು ಬಂದ್ಬುಟ್ಟೆ." ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಹೊಡೆದುಕೊಂಡ ಕೂಡ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಕಡಲೆಕಾಯಿ ಗಾಡಿ ಹೊಡೆದುಕೊಂಡು ಬಂದ ಕೆಂಪಯ್ಯನೆಂಬ ಒಕ್ಕಲಿಗ ಕಾರಿನೊಳಗೆ ಇಣುಕಿ, ಎತ್ತುಗಳನ್ನು ನೊಗ ಸಮೇತ ಗಾಡಿಯಿಂದ ಬಿಚ್ಚಿದ.

"ಆಯಮ್ಮನ್ನ ಗಾಡಿಗೆ ಎತ್ತಾಕ್ಬೇಡಿ, ಕುಲುಕಾಟಕ್ಕೆ ಜೀವ ಹೋಯ್ತದೆ. ಕಾರ್ಗೇ ಕಟ್ತೀನಿ" ಎಂದು ಮುಂದಿನ ಬಂಪರಿಗೆ ಹಗ್ಗ ಬಿಗಿದ. ಕೊರಟಗೆರೆಯಲ್ಲಿ ಬಸ್ಸಿನವರ ಕಾಲು ಹಿಡಿದಾದರೂ ಒಂದು ಗ್ಯಾಲನ್ ಇಸಿದುಕೊಳ್ಳುತ್ತೇನೆ ಎಂದುಕೊಂಡು ಮರುಳಸಿದ್ದಯ್ಯ ಸ್ಟಿಯರಿಂಗ್ ಹಿಡಿದು ಕೂತ. ಎತ್ತುಗಳು ನಡೆದವು. ಎತ್ತಿನ ನಡಿಗೆಗೆ ಮೂರು ಮೈಲಿ ಅಂದರೆ ಗಂಟೆಯ ಮೇಲೆ. ಬಿಸಿಲು ನೆತ್ತಿಗೆ ಬರುತ್ತಿತ್ತು.

"ಹೊಡಿಯಪ್ಪ ಕೆಂಪಯ್ಯ, ನಿನ್ ದಮ್ಮಯ್ಯ, ಹೊಡಿ!"

"ಹೊಡೀತಾನೇ ಇವ್ನಿ ಕಣಯ್ಯೋ. ಅವೂ ಜೀವ ಅಲ್ವಾ?"

ಹುಣಸೆಮರಗಳ ಸಾಲು ದಾಟುವಾಗ ಹಿಂದಿನ ಸೀಟಿನ ನರಳಾಟ ಸಣ್ಣದಾಯಿತು. ಆಮೇಲೆ ಕೇಳಿಸಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡ ಅವನು.

"ನಿಲ್ಸೋಕ್ ಹೇಳಿ" ಎಂದಳು ಸಿದ್ದಗಂಗಮ್ಮ.

"ಇನ್ನೇನ್ ಬಂದ್ಬುಡ್ತು. ಅಗೋ, ಹಂಚಿನ ಮನೆ ಕಾಣ್ತವೆ."

"ನಿಲ್ಸಿ ಅಂದ್ರೆ. ಜಗದಾಂಬನ ಕೈ ತಣ್ಣಗಾಗೈತೆ."

ಕೆಂಪಯ್ಯನಿಗೆ ಅದು ಕೇಳಿಸಿತು, ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ. ಮರುಳಸಿದ್ದಯ್ಯ ಹಿಂದಕ್ಕೆ ತಿರುಗಲಿಲ್ಲ. ನಿಂತ ಕಾರಿನಲ್ಲಿ ಕೂತು, ಮುಂದಿನ ತಿರುವಿಗೆ ಸರಿಯಾಗಿ, ಸ್ಟಿಯರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದ.