ಅರಗಿನ ತಟ್ಟೆಗೆ ಬಂದ ಮೇಣದ ಕಡ್ಡಿ

ನಾನು ಮಕ್ಕಳು ಚಿತ್ರ ಬರೆಯುವ ಒಂದು ಕೆಂಪು ಮೇಣದ ಕಡ್ಡಿ. ಕ್ರೇಯಾನ್ ಎಂದರೆ ನಿಮಗೆ ಬೇಗ ತಿಳಿದೀತು. ಭೂಮಿತಾಯಿಯ ಒಡಲಿನ ಎಣ್ಣೆಯಿಂದ ಬಂದ ಮೇಣವನ್ನು ಕಾರ್ಖಾನೆಯಲ್ಲಿ ಕರಗಿಸಿ, ಬಣ್ಣದ ಪುಡಿ ಕಲಸಿ, ಅಚ್ಚಿಗೆ ಹೊಯ್ದು ಆರಿಸಿದಾಗ ನನಗೆ ಆಕಾರ ಬಂತು. ಕೈಗೆ ಅಂಟದಿರಲೆಂದು ಮೈಗೆ ಕಾಗದ ಸುತ್ತಿದರು. ನಮ್ಮ ಹಿರೀಕರ ಕಥೆ ಬೇರೆ. ಅವರು ಕರಿಯ ಮೈಯವರು, ಸರಕಿನ ಪೀಪಾಯಿಗಳ ಮೇಲೆ ಗುರುತು ಹಾಕುತ್ತಿದ್ದವರು. ಕೂಸು ಬಾಯಿಗಿಟ್ಟರೂ ಕೇಡಾಗದ ಬಣ್ಣಗಳನ್ನು ಹುಡುಕಿ ಬೆರೆಸಿದ ಮೇಲೆಯೇ ನಮ್ಮ ಕುಲಕ್ಕೆ ಶಾಲೆಯ ಬಾಗಿಲು ತೆರೆಯಿತಂತೆ. ಅದೂ ದೈವದ ಕರುಣೆಯೇ.

ನನ್ನ ಮೊದಲ ಒಡೆಯ ಚನ್ನಪಟ್ಟಣದ ಒಬ್ಬ ಶಾಲೆಯ ಹುಡುಗ. ಬರೆದದ್ದಕ್ಕಿಂತ ನನ್ನನ್ನು ಕಚ್ಚಿದ್ದೇ ಹೆಚ್ಚು. ಕಾಗದದ ಅಂಗಿಯನ್ನೂ ಸುಲಿದು ಎಸೆದ. ಕೊನೆಗೊಂದು ಬುಗುರಿಗೆ ನನ್ನನ್ನು ಬದಲಿ ಕೊಟ್ಟ. ಬುಗುರಿ ಕೊಟ್ಟವಳು ಮಾದೇವಿ, ಗೊಂಬೆ ಮಾಡುವ ಪುಟ್ಟಲಿಂಗಯ್ಯನವರ ಮೊಮ್ಮಗಳು.

ಆ ಮನೆಯ ಜಗಲಿಯಲ್ಲಿ ಮರ ತಿರುಗಿಸುವ ಲೇತ್ ಇತ್ತು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಅದಕ್ಕೆ ಕೈಮುಗಿದೇ ತಾತ ಕೂರುತ್ತಿದ್ದರು. ಉಳಿಯಿಂದ ಮರ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುವರು. ಉಜ್ಜಿದ ಬಿಸಿಗೆ ಅರಗು ಕರಗಿ ಹರಡುವುದು. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹಿಡಿದರೆ ಕನ್ನಡಿಯ ಹೊಳಪು. ಅರಗಿನ ಕಡ್ಡಿಗಳ ತಟ್ಟೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದು ಆ ಮನೆಯ ಕಟ್ಟಳೆ.

ಬತ್ತಲೆ ಮೈಯ ನಾನೂ ಅರಗಿನ ಕಡ್ಡಿಯಂತೆಯೇ ಇದ್ದೆ. ಕೆಂಪು ಕೆಂಪಿನ ಜೊತೆಗಿರಲಿ ಎಂದುಕೊಂಡು ಮಾದೇವಿ ಒಂದು ದಿನ ನನ್ನನ್ನು ಆ ತಟ್ಟೆಯಲ್ಲಿಟ್ಟು ಶಾಲೆಗೆ ಹೋದಳು.

ಅವಳು ಮರಳಿದ ಹೊತ್ತಿಗೆ ತಾತ ಎಳೆಗೂಸೊಂದರ ಗಿಲಕಿಗೆ ನನ್ನನ್ನು ಒತ್ತುತ್ತಿದ್ದರು. ನಾನು ಕರಗಿದೆ. ಆದರೆ ಮೇಣಕ್ಕೆ ಅರಗಿನ ಗಟ್ಟಿತನವೆಲ್ಲಿ? ಗರಿ ತಾಗಿದಲ್ಲೆಲ್ಲ ರಾಡಿಯಾಯಿತು. ವಾಸನೆ ಹಿಡಿದು ತಾತ ಯಂತ್ರ ನಿಲ್ಲಿಸಿದರು. ಒಳಗಿನಿಂದ ಬಂದ ಸೊಸೆ ಜಯಮಣಿ ನನ್ನನ್ನು ಕಂಡವಳೇ ಮಗಳ ರಟ್ಟೆ ಹಿಡಿದಳು.

“ಕಣ್ಣಿಲ್ವೇನೇ ನಿಂಗೆ? ತಾತನ ತಟ್ಟೆ ಮುಟ್ಬ್ಯಾಡ ಅಂತ ಎಷ್ಟ್ ಬಡ್ಕೊಂಡಿವ್ನಿ?”

ತಾತ ಸುಮ್ಮನಿದ್ದರೆ ತಪ್ಪು ಮಗುವಿನದಾಗಿ ಮುಗಿಯುತ್ತಿತ್ತು. ಬಾಯಿಬಿಟ್ಟರೆ ತಮ್ಮ ಅಪ್ಪ ಕೂತಿದ್ದ ಲೇತಿನ ಜಾಗವನ್ನೇ ತಾವು ಬಿಡಬೇಕು. ನಾನಿನ್ನೂ ಅವರ ಬೆರಳುಗಳ ನಡುವೆ ಇದ್ದೆ. ಅವರು ನನ್ನನ್ನು ಲೇತಿನ ಪಕ್ಕಕ್ಕೆ ಇಟ್ಟರು.

“ಮಗೀನ ಬಿಡವ್ವ,” ಎಂದರು. “ನಂಗೇ ಕಾಣಾಕಿಲ್ಲ. ಹೋದ್ ವರ್ಸದಿಂದ ತಟ್ಟೇಲಿ ಯಾವ್ದು ಎಲ್ಲೈತೆ ಅಂತ ನೆಪ್ಪಿಟ್ಕೊಂಡೇ ಬಣ್ಣ ಹಚ್ತಾ ಇವ್ನಿ.”

ಜಯಮಣಿಯ ಕೈ ಸಡಿಲವಾಯಿತು. ತಾತ ಲೇತಿಗೆ ಕೈಮುಗಿದು ಎದ್ದರು.

“ಕೂತ್ಕೊ.”

“ನಾನಾ, ಮಾವ?”

“ಇನ್ಯಾರು? ಒಲೆ ಮೇಲಿನ್ ಸಾರು ಸೀಯಿಸ್ಕೊಂಡು ನನ್ ಕೈನೇ ನೋಡ್ತಾ ನಿಲ್ತಿದ್ದೆಯಲ್ಲ. ಕಣ್ಣಿದ್ದಾಗ್ಲೇ ಕಂಡಿದ್ದೆ.”

ಆಕೆ ಮಾವನ ಕಾಲುಮುಟ್ಟಿ ಕೂತಳು. ಅರಗಿನ ವಾಸನೆಯಿಂದಲೇ ಹದ ತಿಳಿದು ತಾತ, ಸಾಕು, ಇನ್ನು ಗರಿ ಹಿಡಿ, ಎಂದು ಹೇಳಿಕೊಟ್ಟರು. ಆದರೆ ಆ ಕೆಲಸ ಮುಗಿದ ಮೇಲೆ ಅವರು ಲೇತಿನಿಂದ ದೂರ ಸರಿದರು. ಮರುದಿನವೂ ಹಾಗೆಯೇ. ಉಳಿ ಇಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತರು.

ಮಾದೇವಿ ನನ್ನನ್ನು ಕೈಗೆತ್ತಿಕೊಂಡು ಜಗಲಿಯ ಗೋಡೆಯ ಮೇಲೆ ಒತ್ತಿ ಒತ್ತಿ ಬರೆಯತೊಡಗಿದಳು. ನನ್ನ ಮೈ ಬಹುಪಾಲು ಅಲ್ಲೇ ಸವೆಯಿತು. ಆಮೇಲೆ ತಾತನನ್ನು ಎಬ್ಬಿಸಿ ತಂದು ಅವರ ಬೆರಳನ್ನು ಗೋಡೆಗಿಟ್ಟಳು. ಗೆರೆಯ ಮೇಲೆ ಮೇಣ ಉಬ್ಬಿ ನಿಂತಿತ್ತು. ಬೆರಳು ಮೆಲ್ಲಗೆ ಅದರ ಜಾಡು ಹಿಡಿಯಿತು.

“ಇದು ಲೇತು,” ಎಂದರು ತಾತ. “ಕೂತಿರೋಳು ನಿಮ್ಮವ್ವ.” ಗೆರೆಗಳನ್ನು ಮತ್ತೊಮ್ಮೆ ತಡವಿ, “ನಾನೆಲ್ಲಮ್ಮ?” ಎಂದು ಕೇಳಿದರು.

ಮಾದೇವಿ ಆ ಬೆರಳನ್ನು ಒಂದು ಗೇಣು ಈಚೆಗೆ ಸರಿಸಿದಳು.

“ಪಕ್ಕದಾಗೇ ಇದೀಯಲ್ಲ ತಾತ. ಅವ್ವಂಗೆ ಹೇಳ್ಕೊಡ್ತಾ.”

ನಾನೀಗ ಗೋಡೆಯ ಗೂಡಿನಲ್ಲಿ ಉಗುರಿನಷ್ಟು ಉಳಿದಿದ್ದೇನೆ. ಅದಕ್ಕೆ ನನಗೆ ದುಃಖವಿಲ್ಲ. ಉಳಿದ ನಾನೆಲ್ಲ ಆ ಗೋಡೆಯ ಮೇಲಿದ್ದೇನೆ. ಜಯಮಣಿ ಯಂತ್ರ ಹೂಡುವ ಮುನ್ನ ದಿನವೂ ಒಂದು ಮುದಿ ಬೆರಳು ಬಂದು ನನ್ನನ್ನು ಮುಟ್ಟಿ, ತನ್ನ ಜಾಗ ನೋಡಿಕೊಂಡು, ಅಲ್ಲಿಗೆ ಹೋಗಿ ಕೂರುತ್ತದೆ.