ಹೆಸರು ಹೇಳಿ ಒದೆಯಬೇಕು

ಬೆಳಗೋಡಿನ ಸಮುದಾಯ ಭವನದಲ್ಲಿ ಪ್ರತಿ ಭಾನುವಾರ ನಾನು ಹೆಂಗಸರಿಗೆ ಆತ್ಮರಕ್ಷಣೆ ಕಲಿಸುತ್ತೇನೆ. ಹೈಸ್ಕೂಲಿನ ಪಿ.ಟಿ. ಟೀಚರ್ ನಾನು, ಹೆಸರು ತನುಜಾ. ಗಂಡಸರಿಗೆ ಯಾಕಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಾಗಿರುತ್ತದೆ: ಬೇಕಾದರೆ ನೀವೇ ಒಂದು ಶುರು ಮಾಡಿಕೊಳ್ಳಿ. ಇಲ್ಲಿಯವರೆಗೆ ಒಬ್ಬನೂ ಮಾಡಿಲ್ಲ, ಬಾಯಿಮಾತಿಗೇನೂ ಕಡಿಮೆಯಿಲ್ಲ.

ನಮ್ಮಲ್ಲೊಂದು ಪದ್ಧತಿ ಇದೆ. ಕಾಫಿ ಹೊಟ್ಟು ತುಂಬಿದ ಗೋಣಿಚೀಲವನ್ನು ಒಬ್ಬಳು ಎದೆಗವಚಿ ಹಿಡಿಯುತ್ತಾಳೆ. ಒದೆಯುವವಳು ಮೊದಲು ತನ್ನ ಮೇಲೆ ಕೈ ಮಾಡಿದವನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಬಸ್ಸಿನಲ್ಲಿ ಮೈಮೇಲೆ ಬಿದ್ದವನು, ಕುಡಿದು ಬರುವ ಮೈದುನ, ಕೆಲವೊಮ್ಮೆ ಕಟ್ಟಿಕೊಂಡ ಗಂಡನೇ. ಹೆಸರು ಬಾಯಿಗೆ ಬಂದರೆ ಕಾಲಿಗೆ ಬಲ ಬರುತ್ತದೆ. ಆದರೆ ಆ ಹೆಸರು ಭವನದ ಬಾಗಿಲು ದಾಟಬಾರದು. ಗಂಡಸರನ್ನು ಬಿಟ್ಟುಕೊಳ್ಳದಿರುವುದು ಅದಕ್ಕೇ.

ಕಳೆದ ಭಾನುವಾರ ನಟರಾಜ್ ಬಂದು ಬಾಗಿಲಲ್ಲಿ ನಿಂತ. ಪಕ್ಕದ ಎಸ್ಟೇಟಿನ ರೈಟರ್. ಆಳುಗಳಿಗೆ ಕೆಲಸ ಹಂಚುವವನೂ ಅವನೇ, ಬೈಯುವವನೂ ಅವನೇ. ಅವತ್ತು ಅವನ ತುಟಿ ಊದಿತ್ತು.

"ನಂಗೂ ಕಲ್ಸಿ ಟೀಚರ್," ಎಂದ.

"ಇದು ಹೆಂಗಸ್ರ ಕ್ಲಾಸು ಕಣ್ರೀ."

"ಹೊಡೆಸ್ಕಳೋದ್ರಲ್ಲಿ ಗಂಡಸ್ರು ಹೆಂಗಸ್ರು ಅಂತ ಐತಾ?"

ನನಗೆ ಸಿಟ್ಟು ಬಂತು, ಏಕೆಂದರೆ ಮಾತು ಸರಿಯಾಗಿತ್ತು. ಆದರೆ ಹಿಂದೆ ಗಂಗಾಮಣಿ ಕೂತಿದ್ದಳು. ಅವಳು ಅವನ ಕೈಕೆಳಗೆ ಕಾಫಿ ಕೊಯ್ಯುವವಳು, ವಾರವಾರವೂ ಒದೆಯುತ್ತಿದ್ದದ್ದು ಅವನ ಹೆಸರು ಹಿಡಿದೇ. ಅವನು ಒಳಗೆ ಬಂದರೆ ಅವಳ ಬಾಯಿ ಕಟ್ಟಿಹೋಗುತ್ತದೆ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ನಾನು ಬಾಗಿಲು ಹಾಕಲು ಹೋದೆ.

ಎಲ್ಲರಿಗಿಂತ ಹಿರಿಯರಾದ ಲಿಂಗಮ್ಮ ತಡೆದರು. "ಮೊದ್ಲು ಅವ್ನೂ ಹೆಸ್ರು ಹೇಳ್ಲಿ. ಆಗ್ದಿದ್ರೆ ಹೋಗ್ತಾ ಇರ್ಲಿ."

ನಟರಾಜ್ ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಣಿಯ ಎದುರಿಗೆ ಹೋಗಿ ನಿಂತ.

"ಶ್ರೀನಾಥ್. ನಮ್ ಸಾವ್ಕಾರ್ರ ಮಗ. ನಿನ್ನೆ ಸ್ಟೋರ್ ಒಳಗೆ ಬಾಗ್ಲು ಹಾಕ್ಕಂಡು ಹೊಡ್ದ. ನಾನು ಸುಮ್ನೆ ನಿಂತ್ಕಬುಟ್ಟೆ."

ಅದೇ ಎಸ್ಟೇಟಿನ ಹೆಂಗಸರು ಅಲ್ಲಿ ಬೇಕಾದಷ್ಟಿದ್ದರು. ಒಬ್ಬಳು ಸಾಹುಕಾರರ ಕಿವಿಗೆ ಹಾಕಿದರೆ ಸಾಕು, ಅವನ ಕೆಲಸವೂ ಹೋಗುತ್ತಿತ್ತು, ಇರುವ ಮನೆಯೂ ಹೋಗುತ್ತಿತ್ತು.

ಗಂಗಾಮಣಿ ಎದ್ದಳು. ಅವಳು ಗೋಣಿಯನ್ನು ಅವನ ಕೈಗೇ ಕೊಟ್ಟು ಸೆರಗು ಸಿಕ್ಕಿಸಿಕೊಂಡಳು.

"ರೈಟರ್ ನಟರಾಜ," ಎಂದಳು.

ಅವನು ಗೋಣಿಯನ್ನು ಎದೆಯಿಂದ ಕೆಳಗಿಳಿಸಿದ. "ನಾನೇನ್ ಮಾಡ್ದೆ?"

"ಹೋದ್ ಕುಯ್ಲಲ್ಲಿ ಜ್ವರ ಬಂದು ಕೂತಿದ್ ನನ್ನ ಎಲ್ರ ಮುಂದೆ ರಟ್ಟೆ ಹಿಡ್ದು ಎಳೆದ್ರಿ. ನಿಮ್ಗೆ ನೆನ್ಪೂ ಇಲ್ಲ. ಇರ್ಲಿ, ನೀವು ಹೇಳಿದ್ ಹೆಸ್ರು ನನ್ ಬಾಯಿಂದ ಆಚೆ ಹೋಗಲ್ಲ. ಗಟ್ಟಿ ಹಿಡ್ಕಳಿ."

ಒದ್ದಳು. ನಟರಾಜ್ ಗೋಣಿ ಸಮೇತ ಗೋಡೆಗೆ ಹೋಗಿ ಬಡಿದ. ಯಾರೂ ನಗಲಿಲ್ಲ. ಅವನು ಸಾವರಿಸಿಕೊಂಡು ಬಂದು, "ತಪ್ಪಾಯ್ತು ಗಂಗಾಮಣಿ," ಎಂದ.

"ಎಳ್ದಿದ್ದು ತೋಟದಲ್ಲಿ. ಅಲ್ಲೇ ಹೇಳಿ."

ಭಾನುವಾರ ಹೆಂಗಸರದೇ, ಅದರಲ್ಲಿ ಎರಡು ಮಾತಿಲ್ಲ. ಗಂಡಸರಿಗೆ ಇನ್ನು ಮೇಲೆ ಬುಧವಾರ ಸಂಜೆ ಬೇರೆಯಾಗಿ ಕಲಿಸುತ್ತೇನೆ, ತೋಟದಲ್ಲಿ ಹೇಳಿದ ಮೇಲೆ ಬನ್ನಿ ಎಂದು ಅವನನ್ನು ಕಳಿಸಿದೆ. ಬರುತ್ತಾನೆ ಎಂಬ ನಂಬಿಕೆ ನನಗಿರಲಿಲ್ಲ.

ಸೋಮವಾರ ಸಂಜೆ ಗಂಗಾಮಣಿ ಶಾಲೆಯ ಹತ್ತಿರವೇ ಬಂದಳು.

"ಕೆಲ್ಸ ಹಂಚೋ ಹೊತ್ತಲ್ಲಿ ಹೇಳುದ್ರು ಟೀಚರ್, ಎಲ್ರ ಮುಂದೆ. ಶ್ರೀನಾಥಪ್ಪನೂ ಅಲ್ಲೇ ಜೀಪ್ ಪಕ್ಕ ನಿಂತಿದ್ರು. ರೈಟರು ಅವ್ರನ್ನೇ ನೋಡ್ಕಂಡು ಹೇಳುದ್ರು, ಆಳಿನ ಮೇಲೆ ಕೈ ಮಾಡೋದು ತಪ್ಪು ಅಂತ."