ಆನೆಯ ಒಡೆದ ಕಿವಿ

ಬೆಳಗಿನ ಬಸ್ಸು ಹಿಡಿದು ಮೇಷ್ಟ್ರು, ದರ್ಜಿ, ಕಲ್ಲುಕುಟಿಗ, ಮೂವರು ಗೆಳೆಯರೂ ಹಳೆಯ ಗುಹೆಗಳನ್ನು ನೋಡಲು ಹೊರಟಾಗ ಎಲ್ಲ ಚೆನ್ನಾಗಿಯೇ ಇತ್ತು. ಕಲ್ಲುಕುಟಿಗನ ಪಿತ್ತ ನೆತ್ತಿಗೇರಿದ್ದು ಮೂರನೆಯ ಗುಹೆಯಲ್ಲಿ.

ಅಲ್ಲಿ ಬಂಡೆಯಲ್ಲೇ ಕಡೆದ ಆನೆಗೆ ಒಂದು ಕಿವಿ ಮೊರದಷ್ಟು ಅಗಲ, ಇನ್ನೊಂದು ಬರೀ ಅಂಗೈಯಷ್ಟು.

"ಶಿಲ್ಪಿ ಬೇಕಂತಲೇ ಹೀಗೆ ಮಾಡಿದಾನೆ. ಅರ್ಧ ಕೇಳು, ಅರ್ಧ ಬಿಡು ಅನ್ನೋ ತತ್ವ ಇದು," ಎಂದ ಗೈಡು.

"ಎಂಥಾ ತಲೆ ರೀ! ಈಗಿನವರಿಗೆಲ್ಲಿ ಬರುತ್ತೆ?" ಎಂದು ಮೇಷ್ಟ್ರು ಕೈ ಮುಗಿದೇಬಿಟ್ಟರು. ದರ್ಜಿಯೂ ತಲೆದೂಗಿದ.

ಕಲ್ಲುಕುಟಿಗ ಬಗ್ಗಿ ನೋಡಿದ. ಉಳಿ ಜಾರಿ ದೊಡ್ಡ ಚಕ್ಕೆಯೇ ಎದ್ದುಹೋಗಿತ್ತು. ಪುಣ್ಯಾತ್ಮ ಉಳಿದಷ್ಟು ಕಲ್ಲಿನಲ್ಲೇ ಪುಟ್ಟ ಕಿವಿ ಕಡೆದು ಮಾನ ಉಳಿಸಿಕೊಂಡಿದ್ದ.

"ತತ್ವಾನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ. ಕೈ ತಪ್ಪಿದೆ ಅಷ್ಟೆ."

"ನಿನ್ನ ಕೈ ತಪ್ಪುತ್ತೆ ಅಂತ ಎಲ್ಲರದೂ ತಪ್ಪುತ್ತೇನೋ?" ಮೇಷ್ಟ್ರು ನಕ್ಕರು.

ಕಲ್ಲುಕುಟಿಗನಿಗೆ ಮೈಯೆಲ್ಲ ಉರಿದುಹೋಯಿತು. ಹೋದ ತಿಂಗಳು ಇದೇ ಮೇಷ್ಟ್ರ ಅಡುಗೆಮನೆ ಕಟ್ಟೆಗೆ ಚಪ್ಪಡಿ ಹಾಸುವಾಗ ಅವನ ಉಳಿಯೂ ಜಾರಿ ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಅವನು ಅದನ್ನು ಹೀಗೇ ದುಂಡಗೆ ತಿದ್ದಿದ್ದ. ಮೇಷ್ಟ್ರು ಬೀದಿಗೆಲ್ಲ ಕೇಳುವಂತೆ "ಕೈಲಾಗದವನು" ಎಂದು ಬೈದು ಇಡೀ ಚಪ್ಪಡಿಯನ್ನೇ ಕೀಳಿಸಿದ್ದರು.

"ಮೇಷ್ಟ್ರೇ," ಎಂದು ಅವನು ಗುಹೆಯೆಲ್ಲ ಮೊಳಗುವಂತೆ ಕೂಗಿದ, "ನಿಮ್ಮ ಚಪ್ಪಡಿ ನನ್ನ ಹಿತ್ತಲಲ್ಲೇ ಬಿದ್ದಿದೆ. ಸಾವಿರ ವರ್ಷ ಹಳೇದಾಗ್ಲಿ, ಆಮೇಲೆ ಬಂದು ಅದಕ್ಕೂ ಕೈ ಮುಗೀರಿ!"